ಪ್ರಾಪರ್ಟಿ ಟ್ಯಾಕ್ಸ್ ಬಿಲ್‌ನಲ್ಲಿ ‘ಕೌಂಟಿ ಹೌಸಿಂಗ್ ಬಾಂಡ್ 2016’ ಅಂತ ಒಂದು ಸಾಲು. ಈ ದುಡ್ಡು ಯಾರಿಗೆ ಹೋಗುತ್ತೆ?

ಸನ್ನಿವೇಲ್_ಸೀನ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಮನೆ ಇರುವವರಿಗೆ ಈ ಪ್ರಶ್ನೆ.

ಡಿಸೆಂಬರ್ 10ರ ಕಂತು ಕಟ್ಟೋಣ ಅಂತ ಬಿಲ್ ತೆಗೆದಿಟ್ಟಿದ್ದೆ. ಎಂಟು ವರ್ಷದಿಂದ ಕಟ್ಟುತ್ತಿದ್ದೇನೆ. ಒಂದು ಸಲವೂ ಒಳಗಿನ ಸಣ್ಣ ಅಕ್ಷರ ಓದಿದವನಲ್ಲ. ಈ ಸಲ ಮೈಸೂರಿನಿಂದ ಅಪ್ಪ ಬಂದಿದ್ದಾರೆ. ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಕೈಗೆ ಯಾವ ಕಾಗದ ಸಿಕ್ಕರೂ ಕನ್ನಡಕ ಏರಿಸಿ ಕೊನೆಯ ಸಾಲಿನವರೆಗೂ ಓದುವವರು. "ಏನೋ ಇದು, ಹೌಸಿಂಗ್ ಬಾಂಡ್ ಅಂತಿದೆ? ಬಡ್ಡಿ ಎಷ್ಟು ಕೊಡ್ತಾರೆ?" ಅಂದರು. ಅಪ್ಪಾ, ಅವರು ಕೊಡೋದಲ್ಲ, ನಾನು ಕೊಡೋದು ಅಂದೆ. "ಯಾಕೆ ಕೊಡ್ತೀಯ?" ಅಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಬಡವರಿಗೆ ಮನೆ ಕಟ್ಟೋದಕ್ಕೆ ಅಂತ ಅಷ್ಟು ಗೊತ್ತು. ಆದರೆ ಮನೆಗಳು ಎಲ್ಲಿ? ಫ್ರೀವೇ ಪಕ್ಕದ ಟೆಂಟುಗಳು ಇನ್ನೂ ಹಾಗೇ ಇವೆಯಲ್ಲ? ಊರಲ್ಲಿ ಸಿಟಿ ಅಂತ ಒಂದು ಇದ್ದ ಮೇಲೆ ಈ ಕೌಂಟಿ ಯಾಕೆ ಮನೆ ವಿಷಯಕ್ಕೆ ಕೈ ಹಾಕಿದೆ? ಗೊತ್ತಿರುವವರು ಹೇಳಿ. ಅಪ್ಪ ದಿನಾ ಬೆಳಿಗ್ಗೆ ಕಾಫಿ ಜೊತೆ ಕೇಳುತ್ತಿದ್ದಾರೆ.

ಕಡ್ಲೆಪುರಿ

ಅದೇ ಬಿಲ್‌ನಲ್ಲಿ ‘ವೆಕ್ಟರ್ ಕಂಟ್ರೋಲ್’ ಅಂತಾನೂ ಇರುತ್ತೆ ನೋಡಿ. ಎರಡು ವರ್ಷ ಅದೇನೋ ಗಣಿತದ ವಿಷಯ ಅಂದುಕೊಂಡಿದ್ದೆ. ಸೊಳ್ಳೆ ಇಲಿ ಹೊಡೆಯೋ ಇಲಾಖೆ ಅಂತೆ.

ಮಿಲ್ಪಿಟಸ್ ಮಂಜು

ಸೀನ ಅವರೇ, ಅದು 2016ರ ನವೆಂಬರ್ ಚುನಾವಣೆಯಲ್ಲಿ ಮತಕ್ಕೆ ಹಾಕಿದ ‘ಮೆಜರ್ ಎ’ ಅನ್ನೋ ಪ್ರಸ್ತಾವ. ಅದೇ ದಿನ ಟ್ರಂಪ್ ಗೆದ್ದರಲ್ಲ, ಹಾಗಾಗಿ ಯಾರಿಗೂ ಇದರ ನೆನಪಿಲ್ಲ. ಕೌಂಟಿಯವರು 95 ಕೋಟಿ ಡಾಲರ್ ಸಾಲ ಎತ್ತಲಾ ಅಂತ ಜನರನ್ನು ಕೇಳಿದರು. ನಮ್ಮ ಇಲ್ಲಿನ ಭಾಷೆಯಲ್ಲಿ 950 ಮಿಲಿಯನ್. ಮೂರರಲ್ಲಿ ಎರಡು ಪಾಲು ವೋಟು ಬೇಕಿತ್ತು. 68%ರ ಹತ್ತಿರ ಬಂತು. ಸ್ವಲ್ಪದರಲ್ಲಿ ಪಾಸಾಯಿತು.

ಆ ಸಾಲದ ಅಸಲು ಬಡ್ಡಿಯನ್ನು ಕೌಂಟಿಯ ಎಲ್ಲ ಆಸ್ತಿಗಳ ಮೇಲೆ ಹಂಚುತ್ತಾರೆ. ಅದೇ ನಿಮ್ಮ ಸಾಲು. ಬಾಂಡುಗಳನ್ನು ಒಂದೇ ಸಲ ಮಾರುವುದಿಲ್ಲ, ಕಂತು ಕಂತಾಗಿ ಮಾರುತ್ತಾರೆ. ಹಾಗಾಗಿ ದರ ವರ್ಷ ವರ್ಷ ಬದಲಾಗುತ್ತೆ. 950ರಲ್ಲಿ 700 ಮಿಲಿಯನ್ ತೀರಾ ಕಡಿಮೆ ಆದಾಯದವರ ಮನೆಗಳಿಗೆ. 50 ಮಿಲಿಯನ್ ಮೊದಲ ಸಲ ಮನೆ ಕೊಳ್ಳುವವರಿಗೆ ನೆರವು. ಹತ್ತು ವರ್ಷದಲ್ಲಿ ಸುಮಾರು 4,800 ಮನೆ ಅನ್ನೋದು ಗುರಿ.

ತೆರಿಗೆ_ತಲೆನೋವು

ಬ್ಯಾಂಕ್ ಮ್ಯಾನೇಜರ್ ಸಾಹೇಬರಿಗೆ ನನ್ನ ಕಡೆಯಿಂದ ಒಂದು ಲೆಕ್ಕ. 95 ಕೋಟಿಯನ್ನು 4,800ರಿಂದ ಭಾಗಿಸಿ. ಮನೆಗೆ ಹತ್ತಿರ ಹತ್ತಿರ ಎರಡು ಲಕ್ಷ ಡಾಲರ್. ಈ ಊರಲ್ಲಿ ಎರಡು ಲಕ್ಷಕ್ಕೆ ಅಡುಗೆಮನೆ ರಿಪೇರಿ ಮುಗಿಯಲ್ಲ. ಒಂದೋ ಮನೆ ಕಟ್ಟಲ್ಲ, ಇಲ್ಲಾ ಇನ್ನಷ್ಟು ದುಡ್ಡು ಕೇಳ್ತಾರೆ. ಎರಡೂ ನಮ್ಮ ತಲೆಗೇ. ನನ್ನ ಕಸಿನ್ ಆಸ್ಟಿನ್‌ನಲ್ಲಿ ಈಜುಕೊಳ ಇರೋ ಮನೆ ತಗೊಂಡ. ನಾನಿಲ್ಲಿ ಸೊಳ್ಳೆಗೂ ದುಡ್ಡು ಕಟ್ಟುತ್ತಾ ಕೂತಿದ್ದೇನೆ.

ಕಡ್ಲೆಪುರಿ

ಆಸ್ಟಿನ್‌ನಲ್ಲಿ ಪ್ರಾಪರ್ಟಿ ಟ್ಯಾಕ್ಸ್ ದರ ಎಷ್ಟು ಅಂತ ಕಸಿನ್ನ ಕೇಳಿ. ಆಮೇಲೆ ಈಜೋಕೆ ಹೋಗಿ.

ಲೆಕ್ಕದಮ್ಮ

ತಲೆನೋವು ಅವರೇ, ನಿಮ್ಮ ಭಾಗಾಕಾರ ಸರಿ ಇದೆ. ತೀರ್ಮಾನ ತಪ್ಪು. ಲಾಭಕ್ಕಲ್ಲದ ಹೌಸಿಂಗ್ ಸಂಸ್ಥೆಯೊಂದರಲ್ಲಿ ಹನ್ನೊಂದು ವರ್ಷದಿಂದ ಇದೇ ಲೆಕ್ಕ ಬರೆಯುವುದು ನನ್ನ ಹೊಟ್ಟೆಪಾಡು. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಕೋಬೇಡಿ.

ಊರಹಬ್ಬಕ್ಕೆ ಚಂದಾ ಎತ್ತೋದು ನೋಡಿದ್ದೀರಲ್ಲ? ಪುಸ್ತಕ ಹಿಡಿದು ಯಾರ ಮನೆಗೆ ಹೋದರೂ ಮೊದಲ ಮಾತು "ಗೌಡರು ಎಷ್ಟು ಬರೆದಿದ್ದಾರೆ?" ಅಂತ. ಗೌಡರು ಬರೆಯೋ ತನಕ ಯಾರೂ ಬರೆಯಲ್ಲ. ಕಡಿಮೆ ಬಾಡಿಗೆಯ ಮನೆ ಕಟ್ಟುವುದು ಥೇಟ್ ಹಾಗೇ. ಇಲ್ಲಿ ಒಂದು ಮನೆಗೆ ಏಳೆಂಟು ಲಕ್ಷ ಡಾಲರ್ ಖರ್ಚು ಬರುವುದು ಮಾಮೂಲಿ. ಅಷ್ಟನ್ನೂ ಕೊಡುವ ಒಬ್ಬ ಧಣಿ ಇಲ್ಲ. ಕೌಂಟಿ ಮೊದಲು ಬರೆಯುತ್ತೆ. ಅದನ್ನು ತೋರಿಸಿ ಸಿಟಿಯ ಹತ್ತಿರ ಹೋಗುತ್ತೇವೆ. ಎರಡನ್ನೂ ತೋರಿಸಿ ರಾಜ್ಯದ ಹತ್ತಿರ. ಮೂರನ್ನೂ ತೋರಿಸಿ ಟ್ಯಾಕ್ಸ್ ಕ್ರೆಡಿಟ್‌ಗೆ ಅರ್ಜಿ.

ದೊಡ್ಡ ಪಾಲು ಬರೋದು ಈ ಟ್ಯಾಕ್ಸ್ ಕ್ರೆಡಿಟ್‌ನಿಂದ. 1986ರಲ್ಲಿ ರೇಗನ್ ಕಾಲದ ತೆರಿಗೆ ಕಾನೂನಿನಲ್ಲಿ ಬಂದದ್ದು. ಸರ್ಕಾರ ನಮಗೆ ನಗದು ಕೊಡಲ್ಲ. ಹತ್ತು ವರ್ಷ ತೆರಿಗೆಯಲ್ಲಿ ಮುರಿದುಕೊಳ್ಳುವ ಹಕ್ಕು ಕೊಡುತ್ತೆ. ಲಾಭವೇ ಮಾಡದ ಸಂಸ್ಥೆ ಮುರಿದುಕೊಳ್ಳೋದು ಯಾವ ತೆರಿಗೆಯಲ್ಲಿ? ಹಾಗಾಗಿ ಯಾವುದಾದರೂ ಬ್ಯಾಂಕನ್ನು ಪಾಲುದಾರ ಮಾಡಿಕೊಂಡು ಆ ಹಕ್ಕನ್ನು ಅವರಿಗೆ ಬಿಡುತ್ತೇವೆ. ಅವರು ಈಗಲೇ ದುಡ್ಡು ಹಾಕುತ್ತಾರೆ. 9% ಕ್ರೆಡಿಟ್ ಅಂತ ಒಂದಿದೆ, ಅದಕ್ಕೆ ಭಾರಿ ಪೈಪೋಟಿ. 4% ಅಂತ ಇನ್ನೊಂದು. ಅದು ಬೇಕಾದರೆ ಖರ್ಚಿನ ಅರ್ಧದಷ್ಟು, ಬಡ್ಡಿಗೆ ತೆರಿಗೆ ಇಲ್ಲದ ಬೇರೊಂದು ಬಗೆಯ ಬಾಂಡ್‌ನಿಂದ ಬಂದಿರಬೇಕಿತ್ತು. ಆ ಬಾಂಡಿಗೂ ರಾಜ್ಯದಲ್ಲಿ ಕ್ಯೂ! 2025ರ ಫೆಡರಲ್ ಕಾನೂನು ಆ ಅರ್ಧವನ್ನು 2026ರಿಂದ ಕಾಲು ಭಾಗಕ್ಕೆ ಇಳಿಸಿದೆ. ಇದರಿಂದ ಕ್ಯೂ ಸ್ವಲ್ಪ ಕರಗಬಹುದು ಅಂತ ನಾವೆಲ್ಲ ಕಾಯುತ್ತಿದ್ದೇವೆ.

ಇನ್ನೊಂದು ಮಾತು. ಕೌಂಟಿ ನಮಗೆ ಕೊಡುವುದು ಹೆಚ್ಚಾಗಿ ಸಾಲ, ದಾನ ಅಲ್ಲ. ಬಾಡಿಗೆಯಿಂದ ಖರ್ಚೆಲ್ಲ ಕಳೆದು ಏನಾದರೂ ಉಳಿದರೆ ಅದರಲ್ಲಿ ಪಾಲು ವಾಪಸ್ ಕಟ್ಟಬೇಕು. ಬದಲಿಗೆ 55 ವರ್ಷ ಬಾಡಿಗೆ ಏರಿಸುವಂತಿಲ್ಲ ಅಂತ ಪತ್ರ ಬರೆದುಕೊಡುತ್ತೇವೆ.

ತೆರಿಗೆ_ತಲೆನೋವು

ಒಂದು ಕಟ್ಟಡಕ್ಕೆ ಐದು ಕಡೆ ಅರ್ಜಿ, ಐದು ವಕೀಲರು, ಐದು ಆಡಿಟ್. ಇದರಿಂದಲೇ ಮನೆಗೆ ಎಂಟು ಲಕ್ಷ ಆಗೋದು ಅನ್ಸುತ್ತೆ.

ಲೆಕ್ಕದಮ್ಮ

ಅದರಲ್ಲಿ ನಾನೂ ನೀವೂ ಒಂದೇ ಪಕ್ಷ. 55 ವರ್ಷ ಏರಿಸುವಂತಿಲ್ಲ ಅಂದೆನಲ್ಲ, ಅದನ್ನು ತಿದ್ದುತ್ತೇನೆ: ಊರಿನ ಮಧ್ಯಮ (ಮೀಡಿಯನ್) ಆದಾಯಕ್ಕೆ ಕಟ್ಟಿಹಾಕಿದ ಮಿತಿಯ ಒಳಗೆ ಏರಿಸಬಹುದು. ಮಿತಿ ದಾಟುವಂತಿಲ್ಲ.

ರಾಜಾಜಿನಗರ_ರವಿ

ಬೆಂಗಳೂರಿನಿಂದ ಓದುತ್ತಿದ್ದೇನೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗಾ? ಡೀಸಿ ಇರ್ತಾರಾ?

ಮಿಲ್ಪಿಟಸ್ ಮಂಜು

ಜಿಲ್ಲೆ ಅಂದುಕೊಳ್ಳಿ, ಆದರೆ ಡೀಸಿ ಇಲ್ಲ. ಜನ ಆರಿಸಿದ ಐದು ಸೂಪರ್‌ವೈಸರ್‌ಗಳ ಮಂಡಳಿ ಇದೆ. ಜೈಲು, ಆಸ್ಪತ್ರೆ, ಮಾನಸಿಕ ಆರೋಗ್ಯ, ಬಡವರ ನೆರವು ಎಲ್ಲ ಅವರದೇ. ಬೀದಿಯಲ್ಲಿ ಮಲಗಿದವರು ಕೊನೆಗೆ ಬರೋದು ಕೌಂಟಿ ಆಸ್ಪತ್ರೆಗೆ, ಕೌಂಟಿ ಜೈಲಿಗೆ. ಸೀನ ಅವರು ಕೇಳಿದರಲ್ಲ ಕೌಂಟಿ ಯಾಕೆ ಕೈ ಹಾಕಿತು ಅಂತ, ಅರ್ಧ ಉತ್ತರ ಇದೇ. ಮನೆ ಕೊಡದೇ ಇದ್ದರೂ ಅವರ ಮೇಲೆ ಖರ್ಚಂತೂ ಆಗುತ್ತೆ.

ರಾಜಾಜಿನಗರ_ರವಿ

ಸರಿ ಸರಿ. ನಮ್ಮಲ್ಲಿ ಉಲ್ಟಾ. ಗ್ರಾಮಸಭೆಯಲ್ಲಿ ಪಟ್ಟಿ ಮಾಡ್ತಾರೆ, ರಾಜೀವ್ ಗಾಂಧಿ ವಸತಿ ನಿಗಮದಿಂದ ಹಂತ ಹಂತವಾಗಿ ದುಡ್ಡು ಬರುತ್ತೆ. ತಳಪಾಯಕ್ಕೆ ಒಂದು ಫೋಟೋ, ಲಿಂಟಲ್‌ಗೆ ಒಂದು, ಛಾವಣಿಗೆ ಒಂದು. ಫೋಟೋ ಅಪ್‌ಲೋಡ್ ಆದರೆ ಮಾತ್ರ ಮುಂದಿನ ಕಂತು. ನಮ್ಮ ತಾತನ ಊರು ತುರುವೇಕೆರೆ ಕಡೆ. ಅಲ್ಲಿ ಒಬ್ಬರದು ಲಿಂಟಲ್ ತನಕ ಎದ್ದು ನಾಲ್ಕು ವರ್ಷ ನಿಂತಿದೆ. ಮೇಲೆ ಕುಂಬಳ ಬಳ್ಳಿ ಹಬ್ಬಿಸಿಕೊಂಡಿದ್ದಾರೆ.

ಆದರೆ ಒಂದು: ಇಲ್ಲಿ ಮನೆ ಅವರದೇ ಆಗುತ್ತೆ. ನಿಮ್ಮಲ್ಲಿ ಇಷ್ಟು ದುಡ್ಡು ಸುರಿದರೂ ಅವರು ಬಾಡಿಗೆದಾರರೇ ಅಲ್ವಾ?

ಲೆಕ್ಕದಮ್ಮ

ಹೌದು, ಬಾಡಿಗೆಯೇ. ಮನೆ ಅವರ ಹೆಸರಿಗೆ ಆದರೆ ಐದು ವರ್ಷಕ್ಕೆ ಮಾರಿ ಹೋಗಬಹುದು, ಮುಂದಿನ ಬಡವನಿಗೆ ಮತ್ತೆ ಮೊದಲಿಂದ ಕಟ್ಟಬೇಕು. ಇದು ಸರಿಯೋ ತಪ್ಪೋ ಅಂತ ನಮ್ಮ ಆಫೀಸಿನಲ್ಲೂ ಜಗಳ ಇದೆ.

ಕುಂಬಳ ಬಳ್ಳಿ ಚೆನ್ನಾಗಿದೆ. ನಮ್ಮಲ್ಲಿ ಮಾತ್ರ ಪೂರ್ತಿ ದುಡ್ಡು ಹೊಂದಿಕೆಯಾಗದೆ ಒಂದು ಸಲಿಕೆ ಮಣ್ಣೂ ತೆಗೆಯಲ್ಲ. ಅದಕ್ಕೇ ವರ್ಷಗಟ್ಟಲೆ ಖಾಲಿ ಸೈಟಿಗೆ ಬೇಲಿ, ಬೋರ್ಡು ಅಷ್ಟೇ ಕಾಣೋದು. ಚಂದಾ ಎತ್ತುವುದಕ್ಕೇ ಮೂರ್ನಾಲ್ಕು ವರ್ಷ, ಕಟ್ಟೋದಕ್ಕೆ ಎರಡು.

ಎಂಎಸ್_ಹುಡುಗ

ಅಕ್ಕಾ, ನಾನು ಸ್ಯಾನ್ ಹೋಸೆಯಲ್ಲಿ ಎಂಎಸ್ ಮಾಡ್ತಿದ್ದೇನೆ. ನಾಲ್ಕು ಜನ ಒಂದು ರೂಮಿನಲ್ಲಿದ್ದೇವೆ. ಆದಾಯ ಸೊನ್ನೆ. ನಮಗಿಂತ ಬಡವರು ಇಲ್ಲ. ಇದರಲ್ಲಿ ಮನೆ ಸಿಗುತ್ತಾ?

ಲೆಕ್ಕದಮ್ಮ

ಇಲ್ಲ ಮರಿ. ಮನೆಯಲ್ಲಿ ಇರುವವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಟ್ಯಾಕ್ಸ್ ಕ್ರೆಡಿಟ್ ಮನೆ ಕೊಡುವಂತಿಲ್ಲ. ಕೆಲವು ವಿನಾಯಿತಿ ಇವೆ, ನಿಮಗೆ ಹೊಂದಲ್ಲ. ಓದು ಮುಗಿಸಿ.

ಎಂಎಸ್_ಹುಡುಗ

ಓದು ಮುಗಿದ ಮೇಲೆ ಸಂಬಳ ಜಾಸ್ತಿ ಅಂತ ಕೊಡಲ್ಲ 😅

ಮಿಲ್ಪಿಟಸ್ ಮಂಜು

ಹಾಗೇನಿಲ್ಲ ಕಣಪ್ಪ. 2025ರ ಪಟ್ಟಿ ಪ್ರಕಾರ ಈ ಕೌಂಟಿಯಲ್ಲಿ ಒಬ್ಬನೇ ಇರುವವನ ವರ್ಷದ ಆದಾಯ 1,11,700 ಡಾಲರ್ ಇದ್ದರೂ ‘ಲೋ ಇನ್‌ಕಮ್’. ನಾಲ್ಕು ಜನರ ಕುಟುಂಬದ ಮಧ್ಯಮ ಆದಾಯವೇ 1,95,200. ಊರಿಗೆ ಫೋನ್ ಮಾಡಿ ಹೇಳಿದರೆ ನಗ್ತಾರೆ.

ಬಾಡಿಗೆ ಬದುಕು

ನಗು ಬರುವ ವಿಷಯ ಅಲ್ಲ ಇದು. ನಾನು ಒಂದು ಪ್ರೀಸ್ಕೂಲಿನಲ್ಲಿ ಸಹಾಯಕಿ. ನಿಮ್ಮೆಲ್ಲರ ಮಕ್ಕಳಿಗೆ ಊಟದ ಡಬ್ಬಿ ಬಿಚ್ಚಿ ಕೊಡುವವಳು. ಮಗಳು ಮತ್ತು ನಾನು ಇಬ್ಬರೇ. ನಾಲ್ಕು ಕಡೆ ವೇಟಿಂಗ್ ಲಿಸ್ಟ್‌ನಲ್ಲಿ ಹೆಸರಿತ್ತು. ಒಂದು ಕಡೆ ಎರಡೂವರೆ ವರ್ಷ ಕಾದೆ. ನಡುವೆ ಬಾಡಿಗೆ ಏರಿತು ಅಂತ ಮನೆ ಬದಲಾಯಿಸಿದೆ. ಅವರ ಪತ್ರ ಹಳೇ ವಿಳಾಸಕ್ಕೆ ಹೋಗಿದೆ. ಹತ್ತು ದಿನದಲ್ಲಿ ಉತ್ತರ ಬರಲಿಲ್ಲ ಅಂತ ಹೆಸರು ತೆಗೆದುಬಿಟ್ಟರು. ಬಾಡಿಗೆ ಕಟ್ಟಲಾಗದೆ ಮನೆ ಬದಲಾಯಿಸುವವರಿಗೇ ಅಲ್ವಾ ಆ ಲಿಸ್ಟ್ ಇರೋದು? ವಿಳಾಸ ಬದಲಾಗದೇ ಇರುತ್ತಾ? ಇಮೇಲ್ ಮಾಡೋಕೆ ಏನಾಗಿತ್ತು?

ಆ ಕಟ್ಟಡದ ಹೆಸರು ಹೇಳಲ್ಲ. ಇನ್ನೂ ಮೂರು ಕಡೆ ಲಿಸ್ಟ್‌ನಲ್ಲಿದ್ದೇನೆ.

ಸನ್ನಿವೇಲ್_ಸೀನ

ಓದಿ ತುಂಬಾ ಬೇಜಾರಾಯಿತು ಮೇಡಂ. ನಾನು ಈ ಚರ್ಚೆ ಶುರು ಮಾಡಿದ್ದು ನನ್ನ ನೂರೈವತ್ತು ಡಾಲರ್ ಎಲ್ಲಿಗೆ ಹೋಯಿತು ಅಂತ.

ಲೆಕ್ಕದಮ್ಮ

ಬಾಡಿಗೆ ಬದುಕು ಅವರೇ, ಮೂರೂ ಕಡೆ ಇವತ್ತೇ ಹೊಸ ವಿಳಾಸ, ಫೋನು, ಇಮೇಲ್ ಬರೆದು ಕಳಿಸಿ. ಕಳಿಸಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ. ‘ಡೋರ್‌ವೇ’ ಅಂತ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಪ್ರದೇಶದ) ಪೋರ್ಟಲ್ ಇದೆ. ಹೊಸ ಕಟ್ಟಡಗಳ ಲಾಟರಿ ಬಹಳಷ್ಟು ಅದರಲ್ಲೇ ಬರುತ್ತೆ. ಸಿಂಗಲ್ ಪೇರೆಂಟ್ ಆದರೆ ಎರಡು ಬೆಡ್‌ರೂಮಿಗೂ ಹಾಕಬಹುದು. ತೆಗೆದುಹಾಕಿದ ಕಡೆಗೂ ಮೇಲ್ಮನವಿ ಬರೆಯಿರಿ. ನನಗೆ ಖಾಸಗಿ ಸಂದೇಶ ಕಳಿಸಿ, ಕರಡು ಮಾಡಿಕೊಡುತ್ತೇನೆ.

ಕುಪರ್ಟಿನೋ ಹಳಬ

ನೀವೆಲ್ಲ ದುಡ್ಡಿನ ಸುತ್ತಲೇ ತಿರುಗುತ್ತಿದ್ದೀರಿ. ಅಸಲಿ ಗಂಟು ಜಾಗದ್ದು.

ಈ ಕೌಂಟಿಯಲ್ಲಿ 15 ಸಿಟಿಗಳಿವೆ. ಯಾವ ಜಾಗದಲ್ಲಿ ಎಷ್ಟು ಅಂತಸ್ತು ಅಂತ ಹೇಳೋದು ಆಯಾ ಸಿಟಿ. ಕೌಂಟಿಯ ಮಾತು ನಡೆಯೋದು ಸಿಟಿಗಳ ಹೊರಗಿನ ಬಿಡಿ ಜಾಗದಲ್ಲಿ ಮಾತ್ರ. ಎಂಟು ವರ್ಷಕ್ಕೊಮ್ಮೆ ರಾಜ್ಯದವರು ಇಷ್ಟಿಷ್ಟು ಮನೆಗೆ ಜಾಗ ತೋರಿಸಿ ಅಂತ ಪಾಲು ಹಂಚುತ್ತಾರೆ. 2023ರಿಂದ 2031ರ ಪಾಲು: ಸ್ಯಾನ್ ಹೋಸೆಗೆ 62,200. ಸನ್ನಿವೇಲ್‌ಗೆ 11,966. ನಮ್ಮ ಕುಪರ್ಟಿನೋಗೆ 4,588. ಕೌಂಟಿಯ ಸ್ವಂತ ಪಾಲು 3,125 ಅಷ್ಟೇ. ದುಡ್ಡಿನ ಚೀಲ ಕೌಂಟಿ ಕೈಯಲ್ಲಿ, ಜಾಗದ ಬೀಗ ಸಿಟಿ ಕೈಯಲ್ಲಿ.

ಸಿಟಿ ಒಪ್ಪಿದರೂ ಅಕ್ಕಪಕ್ಕದವರು ಬಿಡಲ್ಲ. ಪಾಲೊ ಆಲ್ಟೊದ ಮೇಬೆಲ್ ಕಥೆ ಗೊತ್ತಾ? ಬಡ ವೃದ್ಧರಿಗೆ 60 ಅಪಾರ್ಟ್‌ಮೆಂಟ್ ಕಟ್ಟೋಕೆ ಕೌನ್ಸಿಲ್ ಒಪ್ಪಿಗೆ ಕೊಟ್ಟಿತ್ತು. ಅಕ್ಕಪಕ್ಕದವರು ಸಹಿ ಸಂಗ್ರಹಿಸಿ ಮತಕ್ಕೆ ಹಾಕಿಸಿದರು. 2013ರ ನವೆಂಬರ್‌ನಲ್ಲಿ ಊರೇ ಬೇಡ ಅಂತು. ಅಜ್ಜ ಅಜ್ಜಿಯರು ಎಷ್ಟು ಕಾರು ಓಡಿಸಿ ಟ್ರಾಫಿಕ್ ಜಾಮ್ ಮಾಡುತ್ತಿದ್ದರೋ!

ಧಾರವಾಡ ಪೇಡೆ

ಹೊರಗಿನವರನ್ನ ಯಾಕ ಬೈತೀರಿ? ನಮ್ಮ ಮಂದಿ ಏನು ಕಡಿಮೆ ಇಲ್ಲ. ನಮ್ಮ ಓಣಿ ವಾಟ್ಸ್ಆ್ಯಪ್ ಗ್ರೂಪ್‌ನಾಗ ಒಂದು ಕಟ್ಟಡದ ಸುದ್ದಿ ಬಂದ ಕೂಡಲೆ ಪಿಟಿಷನ್ ಲಿಂಕ್ ಮೊದಲು ಹಾಕಿದವರು ಬೆಳಗಾವಿಯವರು. ಕನ್ನಡ ಕೂಟದ ಗಣೇಶ ಹಬ್ಬಕ್ಕ ಅನ್ನದಾನ ಮಾಡ್ತಾರ, ಬಡವರು ಬಾಜೂಕ ಬರ್ತಾರಂದ್ರ ಮನಿ ರೇಟ್ ಇಳೀತದ ಅಂತಾರ.

ತೆರಿಗೆ_ತಲೆನೋವು

ಹಾಗೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಇಪ್ಪತ್ತು ವರ್ಷ ದುಡಿದು, ಎರಡು ಸಂಬಳ ಹಾಕಿ, ಶಾಲೆ ಚೆನ್ನಾಗಿದೆ ಅಂತ ಆ ಊರಲ್ಲಿ ಮನೆ ತಗೊಂಡಿರ್ತಾರೆ. ಶಾಲೆಯಲ್ಲಿ ಜಾಗ ಸಾಲಲ್ಲ ಅನ್ನೋ ಭಯ ಇರೋದು ತಪ್ಪಾ?

ಕುಪರ್ಟಿನೋ ಹಳಬ

ಯಾವ ಶಾಲೆ ಸ್ವಾಮಿ? ಮಕ್ಕಳು ಕಡಿಮೆಯಾದರು ಅಂತ 2022ರಲ್ಲಿ ನಮ್ಮ ಕುಪರ್ಟಿನೋ ಯೂನಿಯನ್ ಡಿಸ್ಟ್ರಿಕ್ಟ್ ಶಾಲೆಗಳನ್ನೇ ಮುಚ್ಚಿತು. ಸಣ್ಣ ಮಕ್ಕಳಿರುವ ಕುಟುಂಬಕ್ಕೆ ಇಲ್ಲಿ ಮನೆ ತಗೊಳ್ಳೋಕೆ ಆಗ್ತಿಲ್ಲ. ಶಾಲೆಗೆ ಜಾಗ ಸಾಲಲ್ಲ ಅಂತ ಮನೆ ಬೇಡ ಅಂದರು, ಮನೆ ಇಲ್ಲ ಅಂತ ಶಾಲೆ ಖಾಲಿಯಾಯಿತು.

ತೆರಿಗೆ_ತಲೆನೋವು

ಅದು ಗೊತ್ತಿರಲಿಲ್ಲ. ಸರಿ.

ಆದರೂ ಮೂರರಲ್ಲಿ ಎರಡು ಪಾಲು ವೋಟು ಬೇಕು ಅನ್ನೋ ನಿಯಮ ಒಳ್ಳೇದೇ. 1978ರಲ್ಲಿ ರಾಜ್ಯದ ಜನರ ಮತದಿಂದ ಪ್ರಾಪ್ 13 ಅನ್ನೋ ಕಾನೂನು ತಂದವರಿಗೆ ಕೈ ಮುಗಿಯಬೇಕು. ಇಲ್ಲದಿದ್ದರೆ ವರ್ಷಕ್ಕೊಂದು ಬಾಂಡ್ ಬರೋದು.

ಫ್ರೀಮಾಂಟ್ ಪುಟ್ಟಣ್ಣ

ತಿದ್ದುಪಡಿ. ಬಾಂಡಿಗೆ ಮೂರರಲ್ಲಿ ಎರಡು ಅನ್ನೋದು ಪ್ರಾಪ್ 13ರದ್ದಲ್ಲ. 1879ರ ಕ್ಯಾಲಿಫೋರ್ನಿಯಾ ಸಂವಿಧಾನದಲ್ಲೇ ಇತ್ತು. ಪ್ರಾಪ್ 13 ಮಾಡಿದ್ದು ಬೇರೆ: ತೆರಿಗೆಯನ್ನು ಬೆಲೆಯ 1%ಗೆ ಕಟ್ಟಿಹಾಕಿ, ತೆರಿಗೆ ಲೆಕ್ಕದ ಬೆಲೆ ಮನೆ ಕೈ ಬದಲಾಗುವ ತನಕ ವರ್ಷಕ್ಕೆ 2%ಗಿಂತ ಜಾಸ್ತಿ ಏರಬಾರದು ಅಂತು. ಅದಕ್ಕೇ ನಿಮ್ಮ ಪಕ್ಕದ ಮನೆಯ ಅಜ್ಜಿ 1980ರಲ್ಲಿ ತಗೊಂಡ ಅದೇ ಅಳತೆಯ ಮನೆಗೆ ನಿಮ್ಮ ಹತ್ತನೇ ಒಂದು ಪಾಲು ಕಟ್ಟುತ್ತಿರಬಹುದು. ಈ ಹೌಸಿಂಗ್ ಬಾಂಡ್ ಕೂಡ ಅದೇ ಲೆಕ್ಕದ ಬೆಲೆಯ ಮೇಲೇ ಬೀಳೋದು. ಹೊಸಬರ ಹೆಗಲಿಗೆ ಜಾಸ್ತಿ ಭಾರ. ಸಿಟ್ಟು ಬರಬೇಕಾದ್ದು ಇದಕ್ಕೆ.

ಶಾಲೆಯ ಬಾಂಡಿಗೆ 2000ದಲ್ಲಿ 55% ಸಾಕು ಅಂತ ಮಾಡಿದರು. ಮನೆಗೂ ಹಾಗೇ ಮಾಡೋಣ ಅಂತ 2024ರ ನವೆಂಬರ್‌ನಲ್ಲಿ ಪ್ರಾಪ್ 5 ಬಂತು, ರಾಜ್ಯದ ಜನ ಸೋಲಿಸಿದರು. ಅದಕ್ಕೂ ಮುಂಚೆ ಬೇ ಏರಿಯಾದ ಒಂಬತ್ತು ಕೌಂಟಿ ಸೇರಿ 20 ಬಿಲಿಯನ್ ಡಾಲರ್ ಬಾಂಡ್ ಮತಕ್ಕೆ ಹಾಕಬೇಕು ಅಂತಿದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಅವರೇ ವಾಪಸ್ ತಗೊಂಡರು.

ನಮ್ಮ ಅಲಮೀಡಾ ಕೌಂಟಿಯಲ್ಲೂ 2016ರಲ್ಲೇ 580 ಮಿಲಿಯನ್‌ದು ಪಾಸಾಗಿತ್ತು. ಅದರ ಹೆಸರು ‘ಎ1’. ಎಲ್ಲಕ್ಕೂ ಎ ಅಂತಲೇ ಹೆಸರಿಡ್ತಾರೆ, ಹುಡುಕೋದೇ ಕಷ್ಟ.

ಕಡ್ಲೆಪುರಿ

2025ರ ನವೆಂಬರ್‌ನಲ್ಲಿ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಸೇಲ್ಸ್ ಟ್ಯಾಕ್ಸ್ ಏರಿಸಿದ್ದೂ ‘ಮೆಜರ್ ಎ’ನೇ. ಅದಕ್ಕೆ ಮೂರರಲ್ಲಿ ಎರಡು ಪಾಲು ಬಂದಿಲ್ಲವಲ್ಲ, ಹೆಂಗೆ ಪಾಸಾಯಿತು?

ಫ್ರೀಮಾಂಟ್ ಪುಟ್ಟಣ್ಣ

ಅದು ಜನರಲ್ ಟ್ಯಾಕ್ಸ್. ಇಂಥದ್ದಕ್ಕೇ ಅಂತ ಕಾಗದದಲ್ಲಿ ಕಟ್ಟಿಹಾಕದಿದ್ದರೆ ಅರ್ಧಕ್ಕಿಂತ ಒಂದು ವೋಟು ಜಾಸ್ತಿ ಇದ್ದರೆ ಸಾಕು. ಪ್ರಚಾರದಲ್ಲಿ ಆಸ್ಪತ್ರೆಗೆ ಅಂದರು, ಕಾನೂನಿನ ಪ್ರಕಾರ ಮಾತ್ರ ಸಾಮಾನ್ಯ ಖಜಾನೆಗೆ. ಖರ್ಚು ಇದಕ್ಕೇ ಅಂತ ಪ್ರಾಮಾಣಿಕವಾಗಿ ಬರೆದರೆ 67 ಬೇಕು, ಬರೆಯದಿದ್ದರೆ 50 ಸಾಕು. ವಿಚಿತ್ರ.

ಬಾಡಿಗೆ ಬದುಕು

ಪಾಲೊ ಆಲ್ಟೊದಲ್ಲಿ ಟೀಚರ್‌ಗಳಿಗೆ ಅಂತಲೇ ಮನೆ ಕಟ್ಟಿದ್ದಾರಂತೆ, ನಿಜವಾ?

ಲೆಕ್ಕದಮ್ಮ

ನಿಜ. ಗ್ರಾಂಟ್ ಅವೆನ್ಯೂದಲ್ಲಿ, 110 ಮನೆ. ಜಾಗ ಕೌಂಟಿಯದು, ಫೇಸ್‌ಬುಕ್ 25 ಮಿಲಿಯನ್ ಕೊಟ್ಟಿತು. ಆದರೆ ಅದು ಸೇರಿಕೊಂಡ ಶಾಲಾ ಡಿಸ್ಟ್ರಿಕ್ಟ್‌ಗಳ ಸಿಬ್ಬಂದಿಗೆ. ಖಾಸಗಿ ಪ್ರೀಸ್ಕೂಲಿನವರಿಗೆ ಕಷ್ಟ. ಹಳಬರೇ, ಪಾಲೊ ಆಲ್ಟೊದವರನ್ನು ಪೂರ್ತಿ ಬೈಯಬೇಡಿ. ಅಲ್ಲಿನ ಬ್ಯೂನಾ ವಿಸ್ಟಾ ಮೊಬೈಲ್ ಹೋಮ್ ಪಾರ್ಕ್ (ಎಳೆದು ತಂದು ನಿಲ್ಲಿಸುವ ಮನೆಗಳ ಕಾಲೋನಿ) ಮುಚ್ಚಿ ಜನರನ್ನು ಎಬ್ಬಿಸುವ ಹಾಗಾದಾಗ ಸಿಟಿ 14.5 ಮಿಲಿಯನ್, ಕೌಂಟಿ 14.5 ಮಿಲಿಯನ್ ಹಾಕಿದವು. ಉಳಿದದ್ದು ಹೌಸಿಂಗ್ ಅಥಾರಿಟಿಯದು. 2017ರಲ್ಲಿ ಆ ಜಾಗವನ್ನೇ ಕೊಂಡು ಉಳಿಸಿದರು. ಹೊಸದಾಗಿ ಕಟ್ಟುವುದಕ್ಕಿಂತ ಇರೋದನ್ನು ಉಳಿಸೋದು ಅಗ್ಗ. ಅದಕ್ಕೆ ರಿಬ್ಬನ್ ಕತ್ತರಿಸೋ ಫೋಟೋ ಮಾತ್ರ ಸಿಗಲ್ಲ.

ಸನ್ನಿವೇಲ್_ಸೀನ

ಎಲ್ಲವನ್ನೂ ಪ್ರಿಂಟ್ ಹಾಕಿ ಅಪ್ಪನಿಗೆ ಕೊಟ್ಟೆ. ಪೆನ್ಸಿಲ್ ಹಿಡಿದು ಓದಿದರು. ಅವರ ಪ್ರಶ್ನೆಗಳು ಹೀಗಿವೆ: ಆ 4,800ರಲ್ಲಿ ಇವತ್ತಿಗೆ ಜನ ವಾಸ ಮಾಡುತ್ತಿರುವುದು ಎಷ್ಟು? ಬಾಡಿಗೆಯಲ್ಲಿ ಉಳಿತಾಯ ಆಗಿ ಕೌಂಟಿಗೆ ವಾಪಸ್ ಬಂದದ್ದು ಎಷ್ಟು? "ಸಾಲ ಅಂದ ಮೇಲೆ ವಸೂಲಿ ಲೆಡ್ಜರ್ ಇರಲೇಬೇಕು" ಅಂತಿದ್ದಾರೆ. ಮೂರನೇದು, ವೇಟಿಂಗ್ ಲಿಸ್ಟ್‌ನವರಿಗೆ ಪತ್ರ ವಾಪಸ್ ಬಂದರೆ ಎರಡನೇ ನೋಟಿಸ್ ಯಾಕೆ ಇಲ್ಲ? ಅವರ ಬ್ಯಾಂಕಿನಲ್ಲಿ ಸಾಲ ಬಾಕಿ ಇಟ್ಟವನಿಗೇ ಮೂರು ನೋಟಿಸ್ ಕೊಡುತ್ತಿದ್ದರಂತೆ.

ಲೆಕ್ಕದಮ್ಮ

ಮೊದಲ ಎರಡಕ್ಕೂ ಲೆಕ್ಕ ಸಿಗುತ್ತೆ. ಈ ಬಾಂಡಿನ ಖರ್ಚು ನೋಡೋಕೆ ನಾಗರಿಕರ ಮೇಲ್ವಿಚಾರಣಾ ಸಮಿತಿ ಇದೆ, ಅವರ ವರದಿ ಕೌಂಟಿ ವೆಬ್‌ಸೈಟಿನಲ್ಲಿ ಬರುತ್ತೆ. ಮೂರನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಕಟ್ಟಡಗಳಲ್ಲಿ ಏನು ಮಾಡುತ್ತೇವೆ ಅಂತ ನಾಳೆ ಆಫೀಸಿನಲ್ಲಿ ಕೇಳುತ್ತೇನೆ. ಅದನ್ನು ಸೂಪರ್‌ವೈಸರ್‌ಗಳ ಸಭೆಯಲ್ಲೇ ಯಾರಾದರೂ ಕೇಳಬೇಕು. ಮಂಗಳವಾರ ಇರುತ್ತೆ, ಯಾರು ಬೇಕಾದರೂ ಹೋಗಿ ಮಾತಾಡಬಹುದು. ಒಬ್ಬರಿಗೆ ಒಂದೆರಡು ನಿಮಿಷ ಸಿಗುತ್ತೆ.

ಸನ್ನಿವೇಲ್_ಸೀನ

ಈ ಮಾತು ಅಪ್ಪನಿಗೆ ಹೇಳಬಾರದಿತ್ತು. ಇಸ್ತ್ರಿ ಮಾಡಿದ ಶರ್ಟ್ ಎಲ್ಲಿದೆ ಅಂತ ಕೇಳುತ್ತಿದ್ದಾರೆ. ನನಗೆ ಮಂಗಳವಾರ ರಜೆ ಸಿಗಲ್ಲ. ಸ್ಯಾನ್ ಹೋಸೆ ಕಡೆ ಯಾರಾದರೂ ಹೋಗುವವರಿದ್ದೀರಾ?

ಎಂಎಸ್_ಹುಡುಗ

ನನಗೆ ಮಂಗಳವಾರ ಕ್ಲಾಸ್ ಸಂಜೆ. ಸಿವಿಕ್ ಸೆಂಟರ್ ಲೈಟ್ ರೈಲ್ ಸ್ಟೇಷನ್ನಿಗೆ ಬಂದರೆ ಅಂಕಲ್‌ನ ಕರ್ಕೊಂಡು ಹೋಗ್ತೀನಿ.

ಬಾಡಿಗೆ ಬದುಕು

ಬೆಳಿಗ್ಗೆ ಆದರೆ ನಾನೂ ಬರುತ್ತೇನೆ. ಆ ಹಳೇ ವಿಳಾಸಕ್ಕೆ ಹೋದ ಪತ್ರದ ಕವರ್ ಇನ್ನೂ ಇಟ್ಟುಕೊಂಡಿದ್ದೇನೆ.